ಅಣಬೆ ಮೋಡದ ಎತ್ತರ: ಭಿತ್ತಿಪತ್ರಕ್ಕೆ ಯಾವ ಅಂಕಿ ಬರೆಯಬೇಕು?

ಹೇಮಾವತಿ ದಂಡೆ, ಹಾಸನ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹಾಸನ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಪ್ರತಿವರ್ಷ ಆಗಸ್ಟ್ 6ರ ಹಿರೋಷಿಮಾ ದಿನಕ್ಕೆ ನಮ್ಮ ಹತ್ತನೆಯ ತರಗತಿಯ ಮಕ್ಕಳು ಒಂದು ಭಿತ್ತಿಪತ್ರ ಸಿದ್ಧಪಡಿಸುತ್ತಾರೆ. ಈ ಸಲ ಅವರಿಗೇ ಹೊಳೆದ ಯೋಚನೆ ಹೀಗಿದೆ: ಉದ್ದನೆಯ ಒಂದೇ ಹಾಳೆಯ ಮೇಲೆ, ಒಂದು ಕಿಲೋಮೀಟರಿಗೆ 2 ಸೆಂಟಿಮೀಟರಿನಂತೆ, ಮುಳ್ಳಯ್ಯನಗಿರಿ, ಎವರೆಸ್ಟ್, ಪ್ರಯಾಣಿಕರ ವಿಮಾನ ಹಾರುವ ಮಟ್ಟ ಮತ್ತು ಪರಮಾಣು ಸ್ಫೋಟಗಳ ಮೋಡ ಇವೆಲ್ಲವನ್ನೂ ಪಕ್ಕಪಕ್ಕದಲ್ಲಿ ಬರೆಯಬೇಕು. ಮುಳ್ಳಯ್ಯನಗಿರಿಗೆ ಬಂದದ್ದು 4 ಸೆಂಟಿಮೀಟರಿಗೂ ಕಡಿಮೆ. 1961ರ ಅಕ್ಟೋಬರ್ 30ರಂದು ಸೋವಿಯತ್ ಒಕ್ಕೂಟವು ನೋವಾಯಾ ಜೆಮ್ಲ್ಯಾ ದ್ವೀಪಗಳ ಮೇಲೆ ಸ್ಫೋಟಿಸಿದ 50 ಮೆಗಾಟನ್ (5 ಕೋಟಿ ಟನ್ ಟಿಎನ್‌ಟಿ ಸಿಡಿಮದ್ದಿಗೆ ಸಮ) ಬಾಂಬಿನ ಮೋಡಕ್ಕೆ 130 ಸೆಂಟಿಮೀಟರ್ ಬೇಕಾಯಿತು. ಹಾಳೆಗೆ ಹಾಳೆ ಅಂಟಿಸಿದ ಮಕ್ಕಳು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ತೊಡಕು ಬಂದದ್ದು ಅಂಕಿಗಳಲ್ಲಿ. 1952ರ ನವೆಂಬರ್ 1ರಂದು ಶಾಂತಸಾಗರದ ಎನಿವೆಟಾಕ್ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ 'ಮೈಕ್' ಪರೀಕ್ಷೆಯ ಮೋಡ ಒಂದು ಬರಹದಲ್ಲಿ 33 ಕಿ.ಮೀ., ಇನ್ನೊಂದರಲ್ಲಿ 37, ಮತ್ತೊಂದರಲ್ಲಿ 41 ಕಿ.ಮೀ. ಎಂದಿದೆ. ಯಾವುದನ್ನು ನಂಬಬೇಕು ಎನ್ನುವುದಕ್ಕಿಂತ ಮೊದಲು, ಇವನ್ನು ಅಳೆದದ್ದಾದರೂ ಹೇಗೆ ಎಂದು ತಿಳಿಯಬೇಕೆನ್ನಿಸಿತು. ಆದ್ದರಿಂದ ಕಳೆದ ಏಪ್ರಿಲ್‌ನಲ್ಲಿ ನಾವು ಮಾಡಿದ ಒಂದು ಪ್ರಯೋಗವನ್ನು ನೆನಪಿಸಿಕೊಂಡೆವು. ಅಶ್ವಿನಿ ಮಳೆಯ ದಿನಗಳಲ್ಲಿ ಒಂದು ಸಂಜೆ ಸಕಲೇಶಪುರದ ಕಡೆ ದೊಡ್ಡ ಗುಡುಗುಮೋಡ ಎದ್ದಿತ್ತು. ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಕಬ್ಬಿಣದ ನಟ್ಟು ಇಳಿಬಿಟ್ಟು, ಶಾಲೆಯ ತಾರಸಿಯಿಂದ ಅದರ ನೆತ್ತಿಯನ್ನು ನೋಡಿದಾಗ 22 ಡಿಗ್ರಿ ಬಂತು. ಸಕಲೇಶಪುರಕ್ಕೆ 40 ಕಿ.ಮೀ. ಎಂದು ಹಿಡಿದು ಲೆಕ್ಕ ಹಾಕಿದಾಗ ಮೋಡ ನಮ್ಮಿಂದ 16 ಕಿ.ಮೀ. ಮೇಲಿತ್ತು. ಆಗ ಒಬ್ಬ ಹುಡುಗಿ, "ಮೇಡಂ, ಮೋಡ ಸರಿಯಾಗಿ ಸಕಲೇಶಪುರದ ನೆತ್ತಿಯ ಮೇಲೇ ಇದೆ ಎಂದು ನಮಗೆ ಹೇಗೆ ಗೊತ್ತು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಪರಮಾಣು ಪರೀಕ್ಷೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಕಂಡುಕೊಂಡದ್ದು ಹೇಗೆ? ಮೋಡ ಎಷ್ಟು ವೇಗವಾಗಿ ಏರಿತು, ಎಲ್ಲಿ ನಿಂತಿತು ಎಂಬುದನ್ನು ಹೇಗೆ ದಾಖಲಿಸಿದರು? ತಿಳಿದವರು ವಿವರವಾಗಿಯೇ ಬರೆಯಬೇಕೆಂದು ವಿನಂತಿ.

ಮೋಜಣಿ, ಚಿಕ್ಕಮಗಳೂರು

ಮೇಡಂ ಅವರಿಗೆ ನಮಸ್ಕಾರ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೋಜಣಿ ಕೆಲಸ ಮಾಡಿ ನಿವೃತ್ತನಾದವನು. ಆ ಹುಡುಗಿಯ ಪ್ರಶ್ನೆ ಈ ಇಡೀ ವಿಷಯದ ಬುಡಕ್ಕೇ ಕೈ ಹಾಕಿದೆ. ಎತ್ತರ ಅಳೆಯುವವರು ಕೋನದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಅಳತೆ ಕೆಡುವುದು ಬಹುತೇಕ ದೂರದಲ್ಲಿ.

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ. 40 ಕಿ.ಮೀ. ಎಂಬುದು ಬಸ್ಸಿನ ದಾರಿ. ಹಾಸನದಿಂದ ಸಕಲೇಶಪುರಕ್ಕೆ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಅಳೆದರೆ ಬರುವುದು ಸುಮಾರು 35 ಕಿ.ಮೀ. ಅಷ್ಟು ತಿದ್ದಿದರೆ ಸಾಕು, 16 ಕಿ.ಮೀ. ಇದ್ದದ್ದು 14ಕ್ಕೆ ಇಳಿಯುತ್ತದೆ. ಅದೇ ನಿಮ್ಮ ಕೋನಮಾಪಕ ಒಂದು ಡಿಗ್ರಿ ತಪ್ಪಿದ್ದರೂ ಎತ್ತರದಲ್ಲಿ ಆಗುವ ವ್ಯತ್ಯಾಸ 700 ಮೀಟರ್ ಮಾತ್ರ. ಇನ್ನು ಆ ಮೋಡದ ಚಾಚಿದ ತಲೆ ಸಕಲೇಶಪುರದಿಂದ ಹಾಸನದ ಕಡೆಗೆ 10 ಕಿ.ಮೀ. ವಾಲಿದ್ದರೆ, ಅದೇ 22 ಡಿಗ್ರಿಗೆ ಎತ್ತರ 10 ಕಿ.ಮೀ. ಆಗಿಬಿಡುತ್ತದೆ.

ಪರಮಾಣು ಪರೀಕ್ಷೆಯಲ್ಲಿ ಒಂದು ಅನುಕೂಲವಿತ್ತು. ಸ್ಫೋಟದ ಜಾಗವನ್ನು ಮೊದಲೇ ಇಂಚಿಂಚು ಅಳೆದಿರುತ್ತಿದ್ದರು. 1945ರ ಜುಲೈ 16ರ ಬೆಳಿಗ್ಗೆ ಅಮೆರಿಕದ ಮರುಭೂಮಿಯಲ್ಲಿ ನಡೆಸಿದ ಜಗತ್ತಿನ ಮೊದಲ ಪರಮಾಣು ಪರೀಕ್ಷೆ 'ಟ್ರಿನಿಟಿ'ಯ ಸ್ಫೋಟವು 30 ಮೀಟರ್ ಎತ್ತರದ ಉಕ್ಕಿನ ಗೋಪುರದ ಮೇಲೆ ನಡೆಯಿತು. ಕ್ಯಾಮೆರಾ ನಿಂತ ಕಡೆಯಿಂದ ಆ ಗೋಪುರಕ್ಕೆ ದೂರವೆಷ್ಟು ಎಂಬುದರಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ದೂರ ಗೊತ್ತು, ಮಸೂರದ ನಾಭಿದೂರ ಗೊತ್ತು. 100 ಮಿ.ಮೀ. ನಾಭಿದೂರದ ಮಸೂರದಿಂದ 30 ಕಿ.ಮೀ. ಆಚೆಯ ಮೋಡವನ್ನು ತೆಗೆದರೆ ಫಿಲ್ಮಿನ ಮೇಲಿನ ಒಂದು ಮಿಲಿಮೀಟರ್ ಎಂದರೆ ಅಲ್ಲಿ 300 ಮೀಟರ್. ಪ್ರತಿಯೊಂದು ಚೌಕಟ್ಟು ಯಾವ ಕ್ಷಣದ್ದು ಎಂಬುದು ತಿಳಿದಿದ್ದರೆ ಏರಿಕೆಯ ವೇಗವೂ ಸಿಕ್ಕಿತು. ಪಕ್ಕದಲ್ಲಿ ಥಿಯೋಡೊಲೈಟಿನಿಂದ ಕೋನ ಓದುವವರೂ ಇರುತ್ತಿದ್ದರು.

ಆದರೆ ಈ ಅನುಕೂಲ ಮೊದಲ ಕೆಲವು ಕ್ಷಣಗಳಿಗಷ್ಟೇ. ಅಲ್ಲಿಂದಾಚೆಗೆ ಎರಡು ತಪ್ಪುಗಳು ಒಳಸೇರುತ್ತವೆ.

ಮೊದಲನೆಯದಕ್ಕೆ ನಿಮ್ಮ ಮಕ್ಕಳನ್ನು ಒಂದು ದೊಡ್ಡ ಹಲಸಿನ ಮರದ ಹತ್ತಿರ ಕರೆದುಕೊಂಡು ಹೋಗಿ. ಹತ್ತಿರ ನಿಂತು ತಲೆಯೆತ್ತಿದರೆ ಮರದ ತುದಿ ಕಾಣುವುದಿಲ್ಲ. ನಮ್ಮ ಕಡೆಗೆ ಚಾಚಿದ ಕೊಂಬೆಯ ಅಂಚೇ ತುದಿಯೆಂಬಂತೆ ಕಾಣುತ್ತದೆ. ಅಣಬೆ ಮೋಡದ ಕೊಡೆಯೂ ಹಾಗೆಯೇ. ಮೋಡದ ಮೇಲ್ಮೈ 12 ಕಿ.ಮೀ. ಎತ್ತರದಲ್ಲಿದೆ, ಕೊಡೆಯ ಅರ್ಧ ಅಗಲ 5 ಕಿ.ಮೀ. ಇದೆ, ಕ್ಯಾಮೆರಾ 30 ಕಿ.ಮೀ. ದೂರದಲ್ಲಿದೆ ಎಂದುಕೊಳ್ಳಿ. ಕ್ಯಾಮೆರಾಕ್ಕೆ ಕಾಣುವುದು 25 ಕಿ.ಮೀ. ದೂರದ ಹತ್ತಿರದ ಅಂಚು. ಲೆಕ್ಕ ಮಾಡುವವನು ಮೋಡದ ನಡುವಿನ ದೂರವಾದ 30ನ್ನೇ ಬಳಸಿದರೆ ಉತ್ತರ 14.4 ಕಿ.ಮೀ. ಬರುತ್ತದೆ. ಇಲ್ಲದ 2.4 ಕಿ.ಮೀ. ಕಾಗದದ ಮೇಲೆ ಹುಟ್ಟಿಕೊಂಡಿತು. ಕೊಡೆ ಅಗಲವಾದಷ್ಟೂ ಈ ತಪ್ಪು ಬೆಳೆಯುತ್ತದೆ. ಆದ್ದರಿಂದ ಮೋಡ ಏರುವುದನ್ನು ನಿಲ್ಲಿಸಿ ಬರಿದೇ ಹರಡಿಕೊಳ್ಳುತ್ತಿದ್ದರೂ ಅಳತೆಗಾರನಿಗೆ ಅದು ಇನ್ನೂ ಏರುತ್ತಿರುವಂತೆ ತೋರುತ್ತದೆ.

ಎರಡನೆಯದು ಗಾಳಿ. ಸೆಕೆಂಡಿಗೆ 10 ಮೀಟರಿನ ಗಾಳಿ ಹತ್ತು ನಿಮಿಷದಲ್ಲಿ ಮೋಡವನ್ನು 6 ಕಿ.ಮೀ. ತಳ್ಳುತ್ತದೆ. ಅದು ಕ್ಯಾಮೆರಾದ ಕಡೆಗೆ ಬಂದರೆ ಎತ್ತರ ಹೆಚ್ಚಾಗಿಯೂ, ಆಚೆಗೆ ಸರಿದರೆ ಕಡಿಮೆಯಾಗಿಯೂ ಕಾಣುತ್ತದೆ. ಇದಕ್ಕೆ ಇರುವ ಮದ್ದು ಒಂದೇ: ಬೇರೆ ಬೇರೆ ದಿಕ್ಕಿನ ಎರಡು ಮೂರು ಠಾಣೆಗಳಿಂದ ಒಂದೇ ಕ್ಷಣದಲ್ಲಿ, ಮೋಡದ ಒಂದೇ ಗುರುತನ್ನು ನೋಡುವುದು. ಆಗ ದೂರವನ್ನು ಊಹಿಸುವ ಪ್ರಮೇಯವೇ ಇರುವುದಿಲ್ಲ. ರೇಖೆಗಳು ಕೂಡುವ ಜಾಗವೇ ದೂರವನ್ನು ಹೇಳುತ್ತದೆ. ಮರುಭೂಮಿಯಲ್ಲಿ ಇದು ಸುಲಭ. ಶಾಂತಸಾಗರದ ನಡುವೆ, ನೆಲವೆಂಬುದು ನಾಲ್ಕು ಪುಟ್ಟ ದ್ವೀಪಗಳಷ್ಟೇ ಇದ್ದು, ಉಳಿದ ಕ್ಯಾಮೆರಾಗಳು ತೂಗಾಡುವ ಹಡಗಿನಲ್ಲೂ ಹಾರುವ ವಿಮಾನದಲ್ಲೂ ಇದ್ದಾಗ ಎಷ್ಟು ಕಷ್ಟವಾಗಿರಬೇಕೆಂದು ನಾನು ಊಹಿಸಬಲ್ಲೆ.

ಭೂಮಿಯ ದುಂಡುತನವನ್ನೂ ಸೇರಿಸಬೇಕು. 30 ಕಿ.ಮೀ.ಗೆ ಅದು 70 ಮೀಟರ್, ಬಿಟ್ಟರೂ ನಡೆದೀತು; 100 ಕಿ.ಮೀ.ಗೆ ಸುಮಾರು 785 ಮೀಟರ್, ಬಿಡುವಂತಿಲ್ಲ.

ನಾನು ಕೆಲಸದಲ್ಲಿದ್ದಾಗಿನ ಒಂದು ತಪ್ಪನ್ನೂ ಹೇಳುತ್ತೇನೆ. ಒಂದು ಬೇಸಿಗೆಯಲ್ಲಿ ಗಿರಿಯ ಹುಲ್ಲುಗಾವಲಿಗೆ ಬೆಂಕಿ ಬಿದ್ದು ಹೊಗೆ ಕಂಬದಂತೆ ಎದ್ದಿತ್ತು. ಉಪಕರಣ ಕೈಯಲ್ಲೇ ಇತ್ತು, ನೋಡಿದೆ, 12 ಡಿಗ್ರಿ. ಬೆಂಕಿ 10 ಕಿ.ಮೀ. ದೂರದ ಶಿಖರದ ಹತ್ತಿರವಿದೆ ಎಂದು ತಿಳಿದು, ಹೊಗೆ 2.1 ಕಿ.ಮೀ. ಏರಿದೆ ಎಂದು ಜೊತೆಯವರಿಗೆ ಹೇಳಿದೆ. ಮರುದಿನ ಹೋಗಿ ನೋಡಿದರೆ ಸುಟ್ಟು ಕರಕಲಾಗಿದ್ದ ಜಾಗ 7 ಕಿ.ಮೀ.ಯಲ್ಲೇ ಇತ್ತು. ನಿಜವಾದ ಎತ್ತರ 1.5 ಕಿ.ಮೀ. ಕೋನ ಓದುವುದರಲ್ಲಿ ನಾನು ಒಂದು ಕಲೆಯಷ್ಟೂ (ಡಿಗ್ರಿಯ ಅರವತ್ತನೇ ಒಂದು ಭಾಗ) ತಪ್ಪಿರಲಿಲ್ಲ.

ಬಿಸಿಗಾಳಿ, ಹಾಸನ

ಮೋಜಣಿಯವರ ವಿವರಣೆ ಓದಿ ಬಹಳ ಸಂತೋಷವಾಯಿತು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ದ್ರವಗಳ ಚಲನೆಯನ್ನು ಪಾಠ ಮಾಡುವವನಾಗಿ, ಮೋಡ ಏಕೆ ಏರುತ್ತದೆ, ಏಕೆ ನಿಲ್ಲುತ್ತದೆ ಎಂಬ ಭಾಗವನ್ನು ನಾನು ಬರೆಯುತ್ತೇನೆ. ಏಕೆಂದರೆ ಎತ್ತರ ಎಂಬ ಪದಕ್ಕೆ ಅರ್ಥ ಬರುವುದೇ ಅಲ್ಲಿಂದ.

ಸ್ಫೋಟದ ಬೆಂಕಿಚೆಂಡು ಸುತ್ತಲಿನ ಗಾಳಿಗಿಂತ ಬಹಳ ಹಗುರ. ನೀರಿನೊಳಗಿನ ದೊಡ್ಡ ಗುಳ್ಳೆ ಮೇಲೇಳುವಂತೆ ಅದು ಏಳುತ್ತದೆ. ಇದು ಬರಿಯ ಹೋಲಿಕೆಯಲ್ಲ. ಬ್ರಿಟನ್ನಿನ ವಿಜ್ಞಾನಿ ಜೆಫ್ರಿ ಟೇಲರ್ ಟ್ರಿನಿಟಿ ಸ್ಫೋಟವನ್ನು ಕಣ್ಣಾರೆ ಕಂಡವರು. ಜೂಲಿಯನ್ ಮ್ಯಾಕ್ ತೆಗೆದ ಚಿತ್ರಗಳು ಬಹಿರಂಗವಾದ ಮೇಲೆ ಅವನ್ನು ಅಳೆದು 1950ರಲ್ಲಿ ಅವರು ಎರಡು ಪ್ರಬಂಧಗಳನ್ನು ಪ್ರಕಟಿಸಿದರು. ಬೆಂಕಿಚೆಂಡು ಹಿಗ್ಗಿದ ರೀತಿಯಿಂದ ಸ್ಫೋಟದ ಶಕ್ತಿ ಸುಮಾರು 16,800 ಟನ್ ಟಿಎನ್‌ಟಿಗೆ ಸಮ ಎಂದು ಲೆಕ್ಕ ಹಾಕಿದ್ದು ಹೆಸರಾಗಿದೆ. ಅದೇ ಬರಹದ ಕೊನೆಯ ಭಾಗ ನನಗೆ ಇನ್ನೂ ಪ್ರಿಯ. ಬಿಸಿಯಾದ ಗಾಳಿಯ ರಾಶಿಯನ್ನು 293 ಮೀಟರ್ ತ್ರಿಜ್ಯದ ಗುಳ್ಳೆಯೆಂದು ಭಾವಿಸಿ, ಗುಳ್ಳೆಯ ವೇಗವು ತ್ರಿಜ್ಯ ಮತ್ತು ಗುರುತ್ವವೇಗೋತ್ಕರ್ಷಗಳ ಗುಣಲಬ್ಧದ ವರ್ಗಮೂಲದ ಮೂರನೇ ಎರಡು ಭಾಗ ಎಂಬ ಸೂತ್ರಕ್ಕೆ ಹಾಕಿದರೆ ಸೆಕೆಂಡಿಗೆ 35.7 ಮೀಟರ್ ಬರುತ್ತದೆ. ಚಿತ್ರಗಳಿಂದ ಅಳೆದದ್ದು ಸೆಕೆಂಡಿಗೆ 35 ಮೀಟರ್. ಹತ್ತನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಎರಡು ಸಾಲಿನಲ್ಲಿ ಮಾಡಬಲ್ಲರು, ಮಾಡಿಸಿ.

ಏರುತ್ತಾ ಚೆಂಡಿನ ಅಂಚು ಗಾಳಿಗೆ ಉಜ್ಜಿ ಹಿಂದುಳಿಯುತ್ತದೆ, ನಡುಭಾಗ ಮುಂದೆ ನುಗ್ಗುತ್ತದೆ. ಹೀಗೆ ಅದು ಒಳಗಿನಿಂದ ಹೊರಕ್ಕೆ ಮಗುಚಿಕೊಳ್ಳುವ ಬಳೆಯಾಗುತ್ತದೆ. ಲೋಟದ ನಿಂತ ನೀರಿಗೆ ಮಸಿಯ ಒಂದು ಹನಿಯನ್ನು ಮೆಲ್ಲನೆ ಬಿಟ್ಟರೆ ಅದೇ ಬಳೆ ತಲೆಕೆಳಗಾಗಿ ಇಳಿಯುವುದನ್ನು ಕಾಣಬಹುದು. ಈ ಮಗುಚುವಿಕೆಯೇ ಕೆಳಗಿನ ಧೂಳನ್ನು ಮೇಲಕ್ಕೆಳೆದು ಕಾಂಡವನ್ನು ಕಟ್ಟುತ್ತದೆ, ಸುತ್ತಲಿನ ತಣ್ಣನೆಯ ಗಾಳಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ತಣ್ಣನೆಯ ಗಾಳಿ ಬೆರೆತಷ್ಟೂ ಮೋಡ ಹಿಗ್ಗುತ್ತದೆ, ತೂಕ ಹೆಚ್ಚುತ್ತದೆ, ಏರುವ ಕಸುವು ಕುಂದುತ್ತದೆ. ಸುತ್ತಲಿನ ಗಾಳಿಯಷ್ಟೇ ಸಾಂದ್ರವಾದಾಗ ಅದು ನಿಲ್ಲಬೇಕು. ಆದರೆ ಓಟದ ಭರಕ್ಕೆ ಆ ಮಟ್ಟವನ್ನು ದಾಟಿ ಹೋಗಿ, ಮತ್ತೆ ಕುಸಿದು, ಆಮೇಲೆ ಅಡ್ಡಡ್ಡ ಹರಡಿಕೊಳ್ಳುತ್ತದೆ. ದೊಡ್ಡ ಸ್ಫೋಟಗಳಲ್ಲಿ ಇದಕ್ಕೆಲ್ಲ ಸುಮಾರು ಹತ್ತು ನಿಮಿಷ ಹಿಡಿಯುತ್ತದೆ.

ಇಲ್ಲಿ ವಾತಾವರಣದ ಪದರಗಳು ಮುಖ್ಯ. ಪಠ್ಯಪುಸ್ತಕದಲ್ಲಿ ಪರಿವರ್ತನಾ ಮಂಡಲ ಎನ್ನುವ, ನೆಲಕ್ಕೆ ತಾಗಿದ ಪದರದಲ್ಲಿ ಮೇಲೇರಿದಂತೆ ಚಳಿ ಹೆಚ್ಚುವುದರಿಂದ ಬಿಸಿ ಮೋಡಕ್ಕೆ ಏರಲು ಅನುಕೂಲ. ಅದರ ಮೇಲಿನ ಸಮೋಷ್ಣ ಮಂಡಲದಲ್ಲಿ ತಾಪ ಇಳಿಯದೆ ನಿಂತು, ಆಮೇಲೆ ಏರತೊಡಗುತ್ತದೆ. ಅಲ್ಲಿ ಮೋಡ ಮುಚ್ಚಳಕ್ಕೆ ತಲೆ ತಾಗಿಸಿದಂತಾಗುತ್ತದೆ. ಆ ಗಡಿ ಉಷ್ಣವಲಯದಲ್ಲಿ 16–17 ಕಿ.ಮೀ., ಧ್ರುವಗಳ ಹತ್ತಿರ 8–9 ಕಿ.ಮೀ. ನಿಮ್ಮ ಅಶ್ವಿನಿ ಮಳೆಯ ಮೋಡ ಮೇಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗುವುದೂ ಇದೇ ಮುಚ್ಚಳದ ಕೆಳಗೆ. ಇಂದಿನ ಲೆಕ್ಕದಂತೆ ಸುಮಾರು 25 ಕಿಲೋಟನ್ (25,000 ಟನ್) ಶಕ್ತಿಯ ಟ್ರಿನಿಟಿಯ ಮೋಡ 12 ಕಿ.ಮೀ. ಸುಮಾರಿಗೆ ನಿಂತಿತು. 1954ರ ಮಾರ್ಚ್ 1ರಂದು ಶಾಂತಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ 15 ಮೆಗಾಟನ್ನಿನ 'ಬ್ರಾವೊ' ಸ್ಫೋಟದ ಮೋಡ ಹತ್ತು ನಿಮಿಷದೊಳಗೆ ಸುಮಾರು 40 ಕಿ.ಮೀ. ಮುಟ್ಟಿತು. ಶಕ್ತಿ 600 ಪಟ್ಟು, ಎತ್ತರ ಮೂರೂ ಚಿಲ್ಲರೆ ಪಟ್ಟು.

ಈಗ ಮೈಕ್ ಸ್ಫೋಟದ ಅಂಕಿಗಳಿಗೆ ಬರೋಣ. 90 ಸೆಕೆಂಡಿನಲ್ಲಿ 17 ಕಿ.ಮೀ., ಇನ್ನೊಂದು ನಿಮಿಷದಲ್ಲಿ 33 ಕಿ.ಮೀ. ಎಂದು ದಾಖಲಾಗಿದೆ. ಭಾಗಿಸಿ ನೋಡಿ: ಮೊದಲ ಒಂದೂವರೆ ನಿಮಿಷದ ಸರಾಸರಿ ಸೆಕೆಂಡಿಗೆ 190 ಮೀಟರ್, ಮುಂದಿನ ನಿಮಿಷದ್ದು 260ಕ್ಕೂ ಹೆಚ್ಚು. ಮುಚ್ಚಳವನ್ನು ದಾಟಿದ ಮೇಲೆ ವೇಗ ಕುಂದುವ ಬದಲು ಹೆಚ್ಚಿದೆ. ಇಷ್ಟು ದೊಡ್ಡ ಸ್ಫೋಟದಲ್ಲಿ, ತೆಳುವಾದ ಮೇಲ್ಗಾಳಿಗೆ ಮೋಡ ಹಿಗ್ಗಿ ನುಗ್ಗುವುದು ಇದಕ್ಕೆ ಸ್ವಲ್ಪ ಕಾರಣವಾಗಿರಬಹುದು. ಆದರೆ ಮೋಜಣಿಯವರು ಹೇಳಿದ ಹಲಸಿನ ಮರದ ತಪ್ಪೂ ಅದರಲ್ಲಿ ಸೇರಿರಬೇಕೆಂಬುದು ನನ್ನ ಬಲವಾದ ಅನುಮಾನ. ಏಕೆಂದರೆ ಆ ಹೊತ್ತಿನಲ್ಲೇ ಕೊಡೆ ನೋಡುಗರ ಹಡಗುಗಳ ಕಡೆಗೂ ಹರಡುತ್ತಿತ್ತು. 33 ಎಂಬುದು ಎರಡೂವರೆ ನಿಮಿಷದ ಅಂಕಿ, 37 ಮತ್ತು 41 ನಿಂತ ಮೇಲಿನವು ಎಂಬುದನ್ನಂತೂ ಮಕ್ಕಳಿಗೆ ಖಂಡಿತವಾಗಿ ಹೇಳಬಹುದು. ಮೂರರಲ್ಲಿ ಒಂದು ಜಗಳ ಹಾಗೆ ತೀರಿತು.

ಹೇಮಾವತಿ ದಂಡೆ, ಹಾಸನ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ತರಗತಿಯಲ್ಲಿ ಮಸಿಯ ಹನಿಯನ್ನು ಬಿಟ್ಟು ನೋಡಿದೆವು. ಮೊದಲ ಮೂರು ಸಲ ಮಸಿ ಚದುರಿಹೋಯಿತು. ನೀರನ್ನು ಕಾಲು ಗಂಟೆ ಅಲುಗದಂತೆ ಇಟ್ಟು, ಹನಿಯನ್ನು ನೀರಿಗೆ ತೀರ ಹತ್ತಿರದಿಂದ ಬಿಟ್ಟಾಗ ಬಳೆ ಸ್ಪಷ್ಟವಾಗಿ ಕಂಡಿತು. ಬಸ್ಸಿನ ದಾರಿಯನ್ನು ದೂರವೆಂದು ಹಿಡಿದದ್ದು ನನ್ನ ತಪ್ಪು, ಮಕ್ಕಳದಲ್ಲ.

ಇನ್ನೆರಡು ಸಂಶಯ. ಭಿತ್ತಿಪತ್ರದ ನಡುವೆ ಹಾಕಬೇಕೆಂದಿರುವ ಹಿರೋಷಿಮಾದ ಪ್ರಸಿದ್ಧ ಚಿತ್ರದಿಂದ ಎತ್ತರ ಅಳೆಯಬಹುದೇ? ಅಮೆರಿಕದ ನೆವಾಡಾದಲ್ಲಿ ನಡೆದ ಪರೀಕ್ಷೆಗಳ ಚಿತ್ರಗಳಲ್ಲಿ ಮೋಡದ ಪಕ್ಕ ನೆಟ್ಟ ಕೋಲುಗಳಂತೆ ಕಾಣುವ ಬಿಳಿ ಗೆರೆಗಳು ಎತ್ತರದ ಅಳತೆಗೋಲುಗಳೇ? ಮಕ್ಕಳು ಹಾಗೆಂದೇ ಬರೆದಿದ್ದಾರೆ.

ಹಳೆಯ ಫಿಲ್ಮು, ಮೂಡಿಗೆರೆ

ಮೇಡಂ, ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಅವು ಅಳತೆಗೋಲುಗಳಲ್ಲ. ಸ್ಫೋಟಕ್ಕೆ ಸ್ವಲ್ಪ ಮೊದಲು ಹಾರಿಸಿದ ಸಣ್ಣ ರಾಕೆಟ್ಟುಗಳು ಬಿಟ್ಟ ಹೊಗೆಯ ಗೆರೆಗಳವು. ಸ್ಫೋಟದ ಆಘಾತದ ಅಲೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಹಾದುಹೋಗುವಾಗ ಹಿಂದಿನ ಹೊಗೆಯ ಗೆರೆ ಮುರಿದಂತೆ, ಕೊಂಕಿದಂತೆ ತೋರುತ್ತದೆ. ಅಲೆ ಎಲ್ಲಿಗೆ ಮುಟ್ಟಿದೆ ಎಂದು ಗುರುತಿಸಲು ಈ ಏರ್ಪಾಡು. ಮಕ್ಕಳ ಸಾಲನ್ನು ದಯವಿಟ್ಟು ತಿದ್ದಿಸಿ.

ಹಿರೋಷಿಮಾದ ಚಿತ್ರದ ವಿಷಯ ಹೆಚ್ಚು ಗಂಭೀರವಾದದ್ದು. ಬೆಳಿಗ್ಗೆ 8.15ಕ್ಕೆ ನಗರದ ಮೇಲೆ ಸುಮಾರು 580 ಮೀಟರ್ ಎತ್ತರದಲ್ಲಿ ಬಾಂಬು ಸಿಡಿಯಿತು. ವಿಮಾನದಿಂದ ತೆಗೆದ, ಎಲ್ಲ ಕಡೆ ಅಚ್ಚಾಗುವ ಆ ದಟ್ಟ ಮೋಡದ ಚಿತ್ರ ಮಾತ್ರ ಆ ಕ್ಷಣದ್ದಲ್ಲ. ಅದು ಗಂಟೆಗಳ ನಂತರ ತೆಗೆದದ್ದು ಎಂದೂ, ಅದರಲ್ಲಿರುವುದು ಬಾಂಬಿನ ಅಣಬೆ ಮೋಡವಲ್ಲ, ಹೊತ್ತಿ ಉರಿಯುತ್ತಿದ್ದ ನಗರದಿಂದ ಎದ್ದ ಹೊಗೆಯ ಮೋಡ ಎಂದೂ ತಜ್ಞರು ತೋರಿಸಿಕೊಟ್ಟಿದ್ದಾರೆ. ಅದರಿಂದ ಅಳೆದ ಎತ್ತರ ಬಾಂಬಿನದಾಗುವುದಿಲ್ಲ, ಬೆಂಕಿಯದಾಗುತ್ತದೆ. ಆ ಹೊಗೆಯೊಳಗೆ ಏನೇನಿತ್ತು ಎಂದು ನೆನೆದರೆ ನನಗೆ ಆ ಚಿತ್ರವನ್ನು ಹೆಚ್ಚು ಹೊತ್ತು ನೋಡಲಾಗುವುದಿಲ್ಲ. ಚಿತ್ರವನ್ನು ಹಾಕಿ, ಆದರೆ ಕೆಳಗೆ ನಿಜವನ್ನು ಬರೆಯಿರಿ.

ಹಳೆಯ ಅಳತೆಗಳ ಮರುಪರಿಶೀಲನೆಯ ಬಗ್ಗೆ ಒಂದು ಮಾತು. ಅಮೆರಿಕವು 1945ರಿಂದ 1962ರವರೆಗೆ ನಡೆಸಿದ 210 ವಾತಾವರಣ ಪರೀಕ್ಷೆಗಳನ್ನು ಸುಮಾರು 10,000 ಫಿಲ್ಮುಗಳಲ್ಲಿ ಸೆರೆಹಿಡಿಯಲಾಗಿತ್ತು. ಇವು ಉಗ್ರಾಣಗಳಲ್ಲಿ ಕೊಳೆಯುತ್ತಿದ್ದವು. ಹಳೆಯ ಫಿಲ್ಮಿನ ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವ ವಿನಿಗರ್‌ನಂಥ ಹುಳಿ ವಾಸನೆ ಆ ಕೊಳೆಯುವಿಕೆಯದೇ. ನಮ್ಮ ಮಲೆನಾಡಿನ ತೇವಕ್ಕೆ ನನ್ನ ತಂದೆಯವರ ಕಾಲದ ಮದುವೆಯ ರೀಲುಗಳು ಹೀಗೆಯೇ ಹಾಳಾದವು. ಅಮೆರಿಕದ ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದ ಗ್ರೆಗ್ ಸ್ಪ್ರಿಗ್ಸ್ ಮತ್ತು ಅವರ ತಂಡ ಅವನ್ನು ಹುಡುಕಿ, ಸ್ಕ್ಯಾನ್ ಮಾಡಿ, ಗೋಪ್ಯತೆ ತೆರವಾದವುಗಳನ್ನು 2017ರಿಂದ ಸಾರ್ವಜನಿಕರಿಗೆ ತೆರೆದಿಟ್ಟಿತು. ಹಿಂದೆ ಜನ ಚೌಕಟ್ಟು ಚೌಕಟ್ಟನ್ನು ಕಣ್ಣಿನಿಂದ ನೋಡಿ ಅಳೆದದ್ದನ್ನು ಕಂಪ್ಯೂಟರಿನಿಂದ ಮತ್ತೆ ಅಳೆದಾಗ ಕೆಲವು ಹಳೆಯ ಉತ್ತರಗಳು ಶೇಕಡಾ 20ರಿಂದ 30ರಷ್ಟು ತಪ್ಪಿದ್ದವೆಂದು ಸ್ಪ್ರಿಗ್ಸ್ ಹೇಳಿದ್ದಾರೆ. ಅವು ಮುಖ್ಯವಾಗಿ ಬೆಂಕಿಚೆಂಡಿನ, ಸ್ಫೋಟಶಕ್ತಿಯ ಲೆಕ್ಕಗಳು. ಅಷ್ಟು ಸ್ಪಷ್ಟವಾದ ಅಂಚಿರುವ ಬೆಂಕಿಚೆಂಡಿನಲ್ಲೇ ಹೀಗಾದರೆ, ಅಂಚೇ ಇಲ್ಲದೆ ಬದಲಾಗುತ್ತಲೇ ಇರುವ ಮೋಡದ ಅಂಕಿಯನ್ನು ಎಷ್ಟು ಜಾಗ್ರತೆಯಿಂದ ಓದಬೇಕೆಂದು ನೀವೇ ಯೋಚಿಸಿ.

ಎತ್ತರ ತಿಳಿಯುವುದು ಕುತೂಹಲಕ್ಕಲ್ಲ ಎಂಬುದನ್ನೂ ಭಿತ್ತಿಪತ್ರದಲ್ಲಿ ಸೇರಿಸಿ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಧೂಳಿನ ಕಣ ಸೆಕೆಂಡಿಗೆ ಸುಮಾರು ಅರ್ಧ ಮೀಟರಿನಂತೆ ಇಳಿಯುತ್ತದೆ. 12 ಕಿ.ಮೀ. ಮೇಲಿನಿಂದ ನೆಲಕ್ಕೆ ಬರಲು ಅದಕ್ಕೆ ಆರೇಳು ಗಂಟೆ ಬೇಕು. ಅಷ್ಟು ಹೊತ್ತೂ ಒಂದೊಂದು ಮಟ್ಟದ ಗಾಳಿ ಒಂದೊಂದು ದಿಕ್ಕಿಗೆ ಅದನ್ನು ಒಯ್ಯುತ್ತದೆ. ಎತ್ತರ ತಪ್ಪಿದರೆ ವಿಕಿರಣದ ಬೂದಿ ಯಾರ ಮನೆಯ ಮೇಲೆ ಬೀಳುತ್ತದೆ ಎಂಬುದೂ ತಪ್ಪುತ್ತದೆ. ಬ್ರಾವೊ ಸ್ಫೋಟದ ಬೂದಿ ರೋಂಗೆಲಾಪ್ ದ್ವೀಪದ ಜನರ ಮೇಲೂ, ಜಪಾನಿನ ಒಂದು ದೋಣಿಯಲ್ಲಿದ್ದ 23 ಮೀನುಗಾರರ ಮೇಲೂ ಸುರಿಯಿತು. ಆ ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ 1954ರ ಸೆಪ್ಟೆಂಬರ್ 23ರಂದು ತೀರಿಕೊಂಡರು. ಇನ್ನೂ ನವುರಾದ ಕಣಗಳು ಸಮೋಷ್ಣ ಮಂಡಲ ಸೇರಿದರೆ ಅಲ್ಲಿ ಮಳೆಯಿಲ್ಲದ ಕಾರಣ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿದು ಇಡೀ ಭೂಮಿಗೆ ಹರಡುತ್ತವೆ. 1963ರ ಒಪ್ಪಂದವು ವಾತಾವರಣದಲ್ಲಿ ಪರೀಕ್ಷೆ ಮಾಡುವುದನ್ನು ನಿಷೇಧಿಸಿದ್ದಕ್ಕೆ ಈ ಭಯವೇ ದೊಡ್ಡ ಕಾರಣ.

ಕೊನೆಯದಾಗಿ, ಪೋಖ್ರಾನ್ ಹೆಸರಿನ ಪಕ್ಕ ಅಣಬೆ ಮೋಡ ಬರೆಯಬೇಡಿ. 1974ರ ಮತ್ತು 1998ರ ನಮ್ಮ ಪರೀಕ್ಷೆಗಳು ನೆಲದಡಿಯಲ್ಲಿ ನಡೆದವು.

ಸಾಲಗಾಮೆ ರಸ್ತೆ, ಹಾಸನ

ನಮ್ಮೂರಿನ ಎಂಸಿಎಫ್‌ನ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ದೊಡ್ಡ ಆಂಟೆನಾಗಳನ್ನು ನಿಮ್ಮ ಮಕ್ಕಳು ನೋಡಿಯೇ ಇರುತ್ತಾರೆ. ಇನ್ಸಾಟ್ ಉಪಗ್ರಹಗಳನ್ನು ಅಲ್ಲಿಂದಲೇ ನಿಯಂತ್ರಿಸುತ್ತಾರೆ. ಹವಾಮಾನದ ಇನ್ಸಾಟ್‌ಗಳು ಮೋಡದ ನೆತ್ತಿಯಿಂದ ಹೊರಡುವ ಶಾಖದ ಕಿರಣವನ್ನು ಅಳೆದು ಅದರ ತಾಪವನ್ನು ಹೇಳುತ್ತವೆ. ಬಲೂನು ಹಾರಿಸಿ ಅಳೆದ ತಾಪದ ಪಟ್ಟಿಯ ಜೊತೆ ಹೋಲಿಸಿದರೆ ಎತ್ತರ ಸಿಗುತ್ತದೆ. ಸಾಮಾನ್ಯ ಮಳೆಮೋಡಕ್ಕೆ ಈ ಕ್ರಮ ಚೆನ್ನಾಗಿ ಒದಗುತ್ತದೆ.

ಆದರೆ ಬಿಸಿಗಾಳಿಯವರು ಹೇಳಿದ ಮುಚ್ಚಳವನ್ನು ದಾಟಿದ ಮೋಡಕ್ಕೆ ಇದು ನಡೆಯುವುದಿಲ್ಲ. ಮೇಲೆ ತಾಪ ಮತ್ತೆ ಏರುವುದರಿಂದ ಒಂದೇ ತಾಪ ಎರಡು ಎತ್ತರಗಳಲ್ಲಿ ಇರುತ್ತದೆ. 2022ರ ಜನವರಿ 15ರಂದು ಟೋಂಗಾ ಬಳಿಯ ಸಮುದ್ರದ ಜ್ವಾಲಾಮುಖಿ ಸಿಡಿದಾಗ ಈ ತೊಡಕು ಎದುರಾಯಿತು. ಆಕ್ಸ್‌ಫರ್ಡಿನ ವಿಜ್ಞಾನಿಗಳು ಬೇರೆ ಬೇರೆ ಜಾಗಗಳಲ್ಲಿರುವ ಮೂರು ಉಪಗ್ರಹಗಳ ಚಿತ್ರಗಳನ್ನು ಹೊಂದಿಸಿ, ಒಂದೇ ಮೋಡ ಒಂದೊಂದರಲ್ಲಿ ಎಷ್ಟು ಪಕ್ಕಕ್ಕೆ ಸರಿದು ಕಾಣುತ್ತದೆ ಎಂಬುದರಿಂದ 57 ಕಿ.ಮೀ. ಎಂದು ಕಂಡುಹಿಡಿದರು. ಒಂದು ಕಣ್ಣು ಮುಚ್ಚಿ ಮತ್ತೊಂದು ತೆರೆದಾಗ ಹೆಬ್ಬೆರಳು ಸರಿದಂತೆ ಕಾಣುವುದಿಲ್ಲವೇ, ಅದೇ ಲೆಕ್ಕ. ಮೋಜಣಿಯವರ ಎರಡು ಠಾಣೆಗಳನ್ನು 36,000 ಕಿ.ಮೀ. ಮೇಲಕ್ಕೆ ಒಯ್ದಂತಾಯಿತು. 1961ರಲ್ಲಿ ಇಂಥ ಕಣ್ಣುಗಳು ಇರಲಿಲ್ಲ. ವಿಮಾನಗಳಿದ್ದವು, ಆದರೆ ಆ ಪರಮಾಣು ಪರೀಕ್ಷೆಗಳ ಮೋಡಗಳ ನೆತ್ತಿ ವಿಮಾನ ಏರಬಲ್ಲ ಮಟ್ಟದಿಂದ ಎಷ್ಟೋ ಮೇಲಿತ್ತು. ಸಾಲದ್ದಕ್ಕೆ ವಿಮಾನದ ಎತ್ತರಮಾಪಕ ಓದುವುದು ಗಾಳಿಯ ಒತ್ತಡವನ್ನು, ನಿಜವಾದ ಎತ್ತರವನ್ನಲ್ಲ.

ಮೋಜಣಿ, ಚಿಕ್ಕಮಗಳೂರು

ಮೇಡಂ, ಇವರ ಮಾತಿನಿಂದ ನನಗೆ ಒಂದು ಯೋಚನೆ ಬಂತು. ನಕ್ಷೆ ತೆಗೆದು ನೋಡಿ. ಹಾಸನ, ಚಿಕ್ಕಮಗಳೂರು, ಸಕಲೇಶಪುರ ಈ ಮೂರನ್ನೂ ಗೆರೆಯಿಂದ ಕೂಡಿಸಿದರೆ ಬರುವುದು ಅಚ್ಚುಕಟ್ಟಾದ ತ್ರಿಕೋನ: ಹಾಸನದಿಂದ ಚಿಕ್ಕಮಗಳೂರಿಗೆ ನೇರ ಅಂತರ ಸುಮಾರು 49 ಕಿ.ಮೀ., ಅಲ್ಲಿಂದ ಸಕಲೇಶಪುರಕ್ಕೆ 41, ಸಕಲೇಶಪುರದಿಂದ ಹಾಸನಕ್ಕೆ 35. ಸಕಲೇಶಪುರ ನಮಗೆ ಹೆಚ್ಚುಕಡಿಮೆ ನೇರ ದಕ್ಷಿಣ, ನಿಮಗೆ ಪಶ್ಚಿಮ. ಆದ್ದರಿಂದ ಎರಡು ಊರುಗಳ ನೋಟದ ಗೆರೆಗಳು ಅಲ್ಲಿ ಬಹುತೇಕ ಲಂಬವಾಗಿ ಕೂಡುತ್ತವೆ. ಮೋಡ ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ತ್ರಿಕೋನ ಬೇಕಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಸಕಲೇಶಪುರದ ಮೇಲೆ ಮೋಡ ಎದ್ದ ದಿನ, ಫೋನಿನಲ್ಲಿ ಹೊತ್ತು ಗೊತ್ತುಮಾಡಿಕೊಂಡು ಎರಡೂ ಊರಿನಿಂದ ಒಂದೇ ನಿಮಿಷದಲ್ಲಿ ದಿಕ್ಕನ್ನೂ ಕೋನವನ್ನೂ ಓದಿದರೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ಅವಳ ಕೈಯಿಂದಲೇ ಸಿಗುತ್ತದೆ. ಎರಡೂ ಕಡೆಯವರು ಮೋಡದ ಒಂದೇ ಗುರುತನ್ನು ಆರಿಸಿಕೊಳ್ಳಬೇಕು. ಚಪ್ಪಟೆ ತಲೆಯ ಮೇಲೆ ಉಬ್ಬಿ ನಿಂತ ಗುಮ್ಮಟವಿದ್ದರೆ ಅದೇ ಸರಿ. ನಿಮ್ಮ ಕೋನಮಾಪಕವನ್ನು ಮೊದಲು ಗೊತ್ತಿರುವ ಎತ್ತರಕ್ಕೆ ಹಿಡಿದು ಪರೀಕ್ಷಿಸಿಕೊಳ್ಳಿ. ನಮ್ಮ ಊರಿನಿಂದ ಮುಳ್ಳಯ್ಯನಗಿರಿಯ ತುದಿ 10 ಕಿ.ಮೀ. ದೂರ, ಊರಿನ ಮಟ್ಟದಿಂದ ಸುಮಾರು 840 ಮೀಟರ್ ಮೇಲೆ. 5 ಡಿಗ್ರಿಗೆ ಸ್ವಲ್ಪ ಕಡಿಮೆ ತೋರಿಸಬೇಕು. 6 ತೋರಿಸಿದರೆ ದಾರದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿಸಿ.

ಹೇಮಾವತಿ ದಂಡೆ, ಹಾಸನ

ಭಿತ್ತಿಪತ್ರದ ಅಂಕಿಗಳನ್ನು ಮಕ್ಕಳು ಇಂದು ಸಂಜೆ ತಿದ್ದಿದರು. ಮೈಕ್ ಮೋಡದ ನೆತ್ತಿಯನ್ನು ಒಂದು ಗೆರೆಯಾಗಿ ಎಳೆಯದೆ, 37ರಿಂದ 41 ಕಿ.ಮೀ.ವರೆಗೆ ಬಣ್ಣದ ಪಟ್ಟಿಯಾಗಿ ತುಂಬಿದ್ದಾರೆ. 33ರ ಹತ್ತಿರ "ಎರಡೂವರೆ ನಿಮಿಷದಲ್ಲಿ ಇಲ್ಲಿತ್ತು" ಎಂದು ಬರೆದಿದ್ದಾರೆ. ಹಿರೋಷಿಮಾದ ಚಿತ್ರದ ಕೆಳಗೆ "ಇದು ಬಾಂಬಿನ ಮೋಡವಲ್ಲ; ಉರಿಯುತ್ತಿದ್ದ ಊರಿನ ಹೊಗೆ" ಎಂಬ ಸಾಲು ಬಂದಿದೆ. ಹಾಳೆಯ ಬುಡದಲ್ಲಿ "ಎಲ್ಲ ಎತ್ತರಗಳೂ ಸುಮಾರು, ದೂರದಿಂದ ನೋಡಿ ಅಳೆದವು" ಎಂದು ಸೇರಿಸಿದವಳು ಆ ಪ್ರಶ್ನೆ ಕೇಳಿದ ಹುಡುಗಿಯೇ.

ಮೋಜಣಿ ಸರ್, ಏಪ್ರಿಲ್‌ಗೆ ನಾವು ಸಿದ್ಧ. ಚಿಕ್ಕಮಗಳೂರಿನ ಕಡೆ ನಮಗೆ ಪರಿಚಯದ ಶಾಲೆಯಿಲ್ಲ. ಅಲ್ಲಿ ದಿಕ್ಕು ಓದುವವರು ಯಾರಾದರೂ ಸಿಗಬಹುದೇ?

ಮೋಜಣಿ, ಚಿಕ್ಕಮಗಳೂರು

ನಾನೇ ನಿಲ್ಲುತ್ತೇನೆ, ಮೇಡಂ. ಹಳೆಯ ದಿಕ್ಸೂಚಿ ಮನೆಯಲ್ಲಿದೆ, ತಾರಸಿಯಿಂದ ದಕ್ಷಿಣಕ್ಕೆ ಯಾವ ಮರವೂ ಅಡ್ಡವಿಲ್ಲ. ನಮ್ಮ ಬೀದಿಯ ನಾಲ್ಕಾರು ಮಕ್ಕಳನ್ನೂ ಕರೆದುಕೊಳ್ಳುತ್ತೇನೆ. ಅಶ್ವಿನಿ ಮಳೆ ಹುಟ್ಟಿದ ದಿನದಿಂದ ಮಧ್ಯಾಹ್ನ ಮೂರರ ಮೇಲೆ ಫೋನು ಕೈಯಲ್ಲೇ ಇರುತ್ತದೆ.